ಭಾವ ಓದಿ ಹೇಳಿದ ಕಾಡು

ಅಕ್ಕನ ಗಂಡ ತೂತುಕುಡಿಯ ದೋಣಿಗಳಲ್ಲಿ ದುಡಿದು ಬಂದವನು. ತಮಿಳು ಓದಲು ಬರುತ್ತಿತ್ತು. ಆಗೆಲ್ಲ ಭಾವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಬಾಯಿಗೆ ಬರುವುದಿಲ್ಲ, ಬರಿಸುವ ಮನಸ್ಸೂ ಇಲ್ಲ.

ಎರಡು ಸಾವಿರದ ಆಸುಪಾಸಿನ ಮಾತು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಕಾಸರಕೋಡಿನ ನಮ್ಮ ಕೇರಿಯ ಗಂಡಸರು ಪಕ್ಕದ ಅಕ್ಕನ ಮನೆ ಜಗಲಿಯಲ್ಲಿ ಬಲೆ ಹೊಲಿಯುತ್ತ ಕೂರುತ್ತಿದ್ದರು. ಭಾವ ಬಲೆ ಮುಟ್ಟುತ್ತಿರಲಿಲ್ಲ. ರಟ್ಟು ಕಿತ್ತುಹೋದ ಒಂದು ತಮಿಳು ಕಾದಂಬರಿ ತೆರೆದು ನಮ್ಮ ಮಾತಿನಲ್ಲಿ ಹೇಳುತ್ತ ಹೋಗುತ್ತಿದ್ದ. ಗುಡ್ಡದ ಮೇಲೊಂದು ಊರು, ಅದರ ಕಾಡು, ಕಡಿಯಲು ಬರುವ ಗುತ್ತಿಗೆದಾರ, ಮರಕ್ಕೆ ಬೆನ್ನು ಕೊಟ್ಟು ನಿಲ್ಲುವ ಮುದುಕಿ. ಮುದುಕಿಯ ಮಾತನ್ನು ಭಾವ ಅವಳ ದನಿಯಲ್ಲೇ ಹೇಳಿ ನಮ್ಮನ್ನೆಲ್ಲ ಅಳಿಸುತ್ತಿದ್ದ. ಕಡೆಗೂ ಕಾಡು ಉಳಿಯಿತು ಎಂದು ಅವನು ಪುಸ್ತಕ ಮುಚ್ಚಿದ ದಿನ ಅಕ್ಕ ಎಲ್ಲರಿಗೂ ಇನ್ನೊಂದು ಸುತ್ತು ಚಾ ಕೊಟ್ಟಳು.

ನಮಗೂ ಒಂದು ಕಾಡಿತ್ತು. ಕೇರಿಗೂ ಕಡಲಿಗೂ ನಡುವೆ ಸುರಹೊನ್ನೆ ಮರಗಳ ದೇವರ ಬನ. ನಮ್ಮ ಮನೆ ಅದಕ್ಕೆ ತಾಗಿಕೊಂಡೇ ಇತ್ತು. ಆ ಮರಗಳಿದ್ದುದರಿಂದ ಮಳೆಗಾಲದ ಗಾಳಿಗೆ ನಮ್ಮ ಹೆಂಚು ನಿಲ್ಲುತ್ತಿತ್ತು. ಬನದೊಳಗೆ ಕಬ್ಬಿಣ ಹೋಗುವಂತಿಲ್ಲ. ಕತ್ತಿಯನ್ನು ಹೊರಗಿನ ಕಲ್ಲಿನ ಮೇಲಿಟ್ಟು, ಉದುರಿದ ಕಾಯಿ, ಒಣ ಚುಳ್ಳಿ ಹೆಕ್ಕಿ ತರಬೇಕು. ದೋಣಿಗೆ ಮರ ಬೇಕಾದರೆ ದೇವರ ಕಲ್ಲಿಗೆ ಹೂವೇರಿಸಿ ಪ್ರಸಾದ ಕೇಳಬೇಕು. ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಕೇಳುವುದು ಆ ವರ್ಷ ಬನದ ದೇವರಿಗೆ ದೀಪ ಹಚ್ಚುವ ಸರದಿ ಇದ್ದ ಮನೆಯ ಯಜಮಾನ.

ಸಿಗಡಿ ಕೆರೆ ಮಾಡಿದವನೊಬ್ಬ ಬನದ ನಡುವೆ ಲಾರಿಗೆ ದಾರಿ ಬೇಕೆಂದು ಬಂದಾಗ ಹೆಂಗಸರೆಲ್ಲ ಅಡ್ಡ ನಿಂತೆವು. ನಮಗಿಂತ ಮುಂದೆ ನಿಂತವನು ಭಾವ. "ನಮ್ ಬನ ಮುಟ್ಟೂಕೆ ನೀ ಯಾರಾ?" ಎಂದು ಗುಡುಗಿ ಅವನನ್ನು ವಾಪಸು ಕಳಿಸಿದ. ಇಂಥವನು ನಮ್ಮ ಮನೆಯ ಅಳಿಯ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಮರುವರ್ಷ ದೀಪದ ಸರದಿ ಅವನಿಗೆ ಬಂತು. ಮಳೆ ನಿಂತ ಮೇಲೆ ನಾನು ತಂಗಿಯ ಬಾಣಂತನಕ್ಕೆಂದು ಕುಮಟೆಗೆ ಹೋಗಿದ್ದೆ. ತಿರುಗಿ ಬಂದು ಅಂಗಳಕ್ಕೆ ಕಾಲಿಟ್ಟರೆ ಮನೆಯ ಹಿಂದೆ ನೇರ ಕಡಲು ಕಾಣುತ್ತಿತ್ತು. ಬೇರೆ ಯಾರದೋ ಮನೆಗೆ ಬಂದೆನೇ ಅನ್ನಿಸಿತು.

"ಎಂತಾತೇ ಇದು?" ಎಂದು ಅಕ್ಕನನ್ನು ಕೇಳಿದೆ.

"ಪ್ರಸಾದ ಬಲಕ್ಕೆ ಬಿತ್ತಂತೆ," ಎಂದಳು, ನನ್ನ ಮುಖ ನೋಡದೆ.

ಬಿದ್ದದ್ದನ್ನು ಕಂಡವರಿಲ್ಲ. ಒಂದು ಬೆಳಗ್ಗೆ ಭಾವನೊಬ್ಬನೇ ಹೋಗಿ ಕೇಳಿ ಬಂದಿದ್ದ. ಹೂವಿಗೆ ಸಾಕ್ಷಿ ಕೇಳಿದರೆ ದೇವರನ್ನೇ ಅನುಮಾನಿಸಿದ ಹಾಗೆ, ಅದಕ್ಕೇ ಇಡೀ ಕೇರಿ ಬಾಯಿ ಮುಚ್ಚಿಕೊಂಡಿತ್ತು. ಬನವಿದ್ದಲ್ಲಿ ಸಿಗಡಿ ಕೆರೆಯವನ ಲಾರಿ ಓಡಾಡುತ್ತಿತ್ತು. ಒಳ್ಳೊಳ್ಳೆಯ ದಿಮ್ಮಿಗಳು ಮಾತ್ರ ಭಾವನ ಅಂಗಳದಲ್ಲಿ ಹೊಸ ದೋಣಿಯ ಹಲಗೆಯಾಗುತ್ತಿದ್ದವು.

ಹೊರಗಿನವರು ಕಡಿದಿದ್ದರೆ ಹಿಡಿಶಾಪ ಹಾಕಿ ಸುಮ್ಮನಾಗುತ್ತಿದ್ದೆ. ಇವನು ಮನೆಯವನೇ. ಸೀದಾ ಅವನೆದುರು ಹೋಗಿ ನಿಂತೆ.

"ಆ ಪುಸ್ತಕ ಓದಿ ನಮ್ಮನ್ನೆಲ್ಲ ಅಳಿಸಿದವ ನೀನೇ ಅಲ್ದಾ? ಅದ್ರಲ್ಲಿ ಕಾಡು ಉಳೀತಲ್ಲ?"

ಭಾವ ಹಲಗೆಯ ಮೇಲಿನ ಕೈ ತೆಗೆಯಲಿಲ್ಲ.

"ಅದ್ರಲ್ಲೂ ಉಳೀಲಿಲ್ಲ. ಅವ್ರ ಊರಿನವ್ನೇ ಒಬ್ಬ ದಾರಿ ಬಿಟ್ಟುಕೊಟ್ಟ. ನಿಮಗೆಲ್ಲ ಬೇಜಾರಾತದೆ ಅಂತ ನಾನೇ ಉಳಿಸಿ ಹೇಳಿದ್ದೆ."

ಮುದುಕಿ ಏನಾದಳು ಎಂದು ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ಅವನು ಏನು ಹೇಳಿದರೂ ಇನ್ನು ನಂಬುವುದು ಹೇಗೆ?

ಮುಂದಿನ ಮಳೆಗಾಲದ ಮೊದಲ ಗಾಳಿಗೇ ನಮ್ಮ ಹೆಂಚು ಹಾರಿದವು. ಸೋರುವಲ್ಲೆಲ್ಲ ಪಾತ್ರೆ ಇಡುತ್ತಿದ್ದೆ. ಪಕ್ಕದ ಜಗಲಿಯಲ್ಲಿ ಭಾವ ಹೊಸ ಪುಸ್ತಕ ಶುರು ಮಾಡಿದ್ದ. ಕಿಟಕಿಯಿಂದ ನೋಡಿದೆ. ಕೇಳಲು ಕೇರಿಯವರೆಲ್ಲ ಕೂತಿದ್ದರು.