ಎರಡು ಕಣ್ಣಿನ ಕ್ಯಾಮೆರಾ

ಹಳಿಯಾಳದ ನಮ್ಮ ಮಹಾಂತಪ್ಪನ ಮನೆಯಲ್ಲಿ ದೇವರ ಮುಂದಿನ ದೀಪ ಒಮ್ಮೊಮ್ಮೆ ಆರುವುದುಂಟು, ಕ್ಯಾಮೆರಾ ಕಪಾಟಿನೊಳಗಿನ ಬಲ್ಬು ಮಾತ್ರ ಆರುವುದಿಲ್ಲ. ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯಬಾರದಲ್ಲ! ಅಂಬಿಕಾನಗರದಲ್ಲಿ ವೈರ್‌ಮನ್ ಆಗಿದ್ದು ನಿವೃತ್ತನಾದ ಈ ಮನುಷ್ಯ ಮೂವತ್ತೊಂದು ಹಳೆಯ ಕ್ಯಾಮೆರಾ ಕೂಡಿಹಾಕಿದ್ದಾನೆ. ಕಪಾಟಿನ ಮುಂದೆ ಯಾರಾದರೂ ನಿಂತರೆ ಸಾಕು, ಪಾಠ ಶುರು.

"ಹಳೇದು ಅಂದಕೂಡ್ಲೆ ಬೆಲಿ ಬರೂದಿಲ್ಲೋ ಈರೇಶ. ಲೆನ್ಸು ಅದರದ ಇರಬೇಕು, ಚರ್ಮ ಹರದಿರಬಾರದು, ಶಟರ್ ಹೊಡೀಬೇಕು. ಎಲ್ಲಕ್ಕಿಂತ ಹೆಚ್ಚು, ಅದರ ಮೈಮ್ಯಾಲೆ ಯಾರೂ ಗೀಚಿರಬಾರದು."

ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಆದರೂ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರೂರು ಸುತ್ತಿಸುವ ಮೂರ್ಖ ನಾನೇ.

ಹೋದ ಜೂನಿನ ಒಂದು ಸೋಮವಾರ ಗಂಗೂ ಹೇಳಿಕಳಿಸಿದಳು. ಕಾಡಂಚಿನ ಸಿದ್ದಿಯರ ಊರಿನವಳು. ಅವಳ ಗಂಡ ಸೈಮನ್ ಸುತ್ತಲಿನ ಹಳ್ಳಿಗಳಲ್ಲಿ ಮದುವೆಯ ಫೋಟೊ ತೆಗೆಯುತ್ತಿದ್ದ; ತೀರಿಕೊಂಡು ಎರಡು ವರ್ಷವಾಗಿತ್ತು. ಮೊಮ್ಮಗಳು ಜ್ಯೋತಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಶನಿವಾರದೊಳಗೆ ಫೀ ಕಟ್ಟಬೇಕಿತ್ತು. ನಾವು ಹೋದಾಗ ಗಂಗೂ ಟ್ರಂಕಿನಿಂದ ಗಂಡನ ಎರಡು ಕಣ್ಣಿನ ಕ್ಯಾಮೆರಾ, ಒಂದರ ಮೇಲೊಂದು ಎರಡು ಲೆನ್ಸಿನದು, ತೆಗೆದು ಮಹಾಂತಪ್ಪನ ಕೈಗಿಟ್ಟಳು.

"ನೋಡ್ರಿ ಮಹಾಂತಣ್ಣ, ಇದಕ್ಕ ಏನರ ಬರತೈತೇನು? ಹುಡುಗಿ ಫೀಗೆ ಆದ್ರ ಮಾರೂಣು. ಇದನ್ನ ಬಿಟ್ರ ಬ್ಯಾರೆ ಏನೂ ಇಲ್ಲ."

ಮಹಾಂತಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಹತ್ತು ವರ್ಷದಿಂದ ಅವನು ಕಣ್ಣಿಟ್ಟಿದ್ದ ಕ್ಯಾಮೆರಾ. ಒಂದು ಗೀರಿಲ್ಲ, ಚರ್ಮದ ಚೀಲವೂ ಹೊಸದರಂತಿತ್ತು. ಜ್ಯೋತಿಯ ಫೀ ಕಟ್ಟಿ ಮಿಗುವಷ್ಟು ಬೆಲೆ.

"ಏನೂ ಬರಾಂಗಿಲ್ಲ ಗಂಗಕ್ಕ," ಎಂದ. "ಇದರ ರೀಲ ಈಗ ಎಲ್ಲಿ ಸಿಗತೈತಿ? ಬೇಕಾದ್ರ ನಾ ಇಟ್ಕೊಂತೇನಿ, ಐನೂರು ಕೊಡ್ತೇನಿ."

ನಾನು ಪಕ್ಕದಲ್ಲೇ ಇದ್ದೆ, ತುಟಿ ಬಿಚ್ಚಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗಂಗೂ ಕ್ಯಾಮೆರಾ ವಾಪಸ್ ತೆಗೆದುಕೊಂಡು, "ರವಿವಾರ ಬಂದು ಒಯ್ರಿ," ಎಂದಳು.

ರವಿವಾರ ಮಹಾಂತಪ್ಪ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಗಂಗೂ ಕ್ಯಾಮೆರಾಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಮುಂದಿನ ತಗಡಿನ ಮೇಲೆ, ಎರಡು ಕಣ್ಣುಗಳ ಕೆಳಗೆ, ಪಾತ್ರೆಗಳಿಗೆ ಹೆಸರು ಹಾಕುವ ಭಾಂಡೆ ಅಂಗಡಿಯ ಮಷಿನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು: ಸೈಮನ್.

"ಏನ್ ಮಾಡಿದ್ಯವಾ! ಇದರ ಬೆಲಿನ ಹೋತಲ್ಲ!" ಮಹಾಂತಪ್ಪ ಚೀರಿದ.

"ಬ್ಯಾರೆದವರ ಮನಿಗೆ ಹೋಗೂ ಸಾಮಾನಿಗೆ ಹೆಸರು ಹಾಕಸೂದಿಲ್ಲೇನು? ನಮ್ಮ ಮನಿಯವರ ಹೆಸರರ ಉಳೀಲಿ ಅಂತ..." ಎಂದವಳು ತಡೆದು ಅವನ ಮುಖ ನೋಡಿದಳು. "ಬೆಲಿ ಇಲ್ಲಂತ ನೀವ ಹೇಳಿದ್ರಲ್ಲ?"

ಕೊನೆಗೆ ನಾನೇ ಹೇಳಿದೆ. "ಬೆಲಿ ಇತ್ತು ಗಂಗಕ್ಕ. ಫೀಗೆ ಸಾಕಾಗುವಷ್ಟು ಇತ್ತು. ನನಗೂ ಗೊತ್ತಿತ್ತು."

ಒಳಗೆ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

"ನಾ ಕಟ್ತೇನಿ ಗಂಗಕ್ಕ, ಫೀ ನಾ ಕಟ್ತೇನಿ," ಎಂದು ಮಹಾಂತಪ್ಪ ತೊದಲಿದ.

"ನಿನ್ನೆಗೆ ಮುಗೀತ್ರಿ. ಜ್ಯೋತಿ ಮುಂಜಾನೆನ ದಾಂಡೇಲಿಗೆ ಹೋದ್ಲು, ರೆಸಾರ್ಟಿನ್ಯಾಗ ಭಾಂಡೆ ತೊಳಿಯಾಕ."

ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕ್ಯಾಮೆರಾವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. ಒಳಗೆ ಹೋಗಿ ಎರಡು ಲೋಟ ಚಹಾ ತಂದು ನಮ್ಮ ಮುಂದಿಟ್ಟಳು.

"ನಿಮಗಂತನ ಇಟ್ಟಿದ್ದೆ. ಕುಡದು ಹೋಗ್ರಿ."

ಇಬ್ಬರೂ ತಲೆ ಎತ್ತದೆ ಕುಡಿದೆವು.