ಏಳನೇ ರೂಮಿನ ಹೊರಗಿದ್ದ ಚಪ್ಪಲಿ

ಭೂತ, ಪ್ರೇತ, ಪವಾಡ ಎಂದು ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಾನು ಹುಟ್ಟಿದ ಹೆಜಮಾಡಿಯಲ್ಲಿ ಅಂಥ ಕತೆಗಳಿಗೆ ಬರವಿಲ್ಲ. ಕಡಲಿಗೆ ಹೋದವರಿಗೆ, ಹೊತ್ತು ಮೀರಿ ಮನೆಗೆ ಬಂದವರಿಗೆ, ಎಲ್ಲರಿಗೂ ಏನಾದರೊಂದು ಕಂಡಿರುತ್ತದೆ. ಕುಡಿದದ್ದು ಇಳಿದ ಮೇಲೆ ಹೇಳಿ ಎಂದು ನಾನು ನಗುತ್ತಿದ್ದೆ. ಈಗ ನಾನೇ ಒಂದು ಹೇಳಹೊರಟಿದ್ದೇನೆ, ನಗುವವರು ನಗಲಿ. ನನ್ನದು ಅಮಾವಾಸ್ಯೆಯ ಕತೆಯಲ್ಲ. ಹಾಡುಹಗಲಲ್ಲಿ, ಉಡುಪಿ ಪೇಟೆಯ ನಡುವೆ, ಹತ್ತು ಹನ್ನೆರಡು ಜನರ ಕಣ್ಣೆದುರು ನಡೆದದ್ದು. ಇಷ್ಟು ವರ್ಷಗಳ ಮೇಲೂ ಅದನ್ನು ನೆನೆದರೆ ನನಗೆ ಹೆದರಿಕೆಗಿಂತ ಹೆಚ್ಚು ಸಿಟ್ಟು ಬರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಸ್‌ಸ್ಟ್ಯಾಂಡಿಗೆ ಹತ್ತಿರದ ಒಂದು ಲಾಡ್ಜಿನಲ್ಲಿ ನಾನು ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್, ಬಲ್ಬು ಬದಲಿಸುವುದರಿಂದ ತಿಗಣೆಗೆ ಮದ್ದು ಹೊಡೆಯುವವರೆಗೆ ಎಲ್ಲ ನನ್ನ ತಲೆಗೇ. ಧಣಿ ಮಣಿಪಾಲದಲ್ಲಿ ಮನೆ ಕಟ್ಟಿಕೊಂಡು ಹಾಯಾಗಿದ್ದರು. ಕೆಳಗೆ ಊಟ ತಿಂಡಿಯ ಹೋಟೆಲು, ಮೇಲೆ ಎಂಟು ರೂಮು. ಮೇಲೆ ಹೋಗಲು ಇದ್ದದ್ದು ಒಂದೇ ಮೆಟ್ಟಿಲು, ಅದೂ ಹೋಟೆಲಿನ ಹಿಂಭಾಗದಲ್ಲಿ, ಕೈ ತೊಳೆಯುವ ಜಾಗದ ಪಕ್ಕದಲ್ಲಿ.

ವರ್ಷಕ್ಕೆ ಎರಡು ಮೂರು ಸಲ ಹುಬ್ಬಳ್ಳಿ ಕಡೆಯ ಒಬ್ಬ ಹೆಂಗಸು ಅಲ್ಲಿ ಬಂದು ಇಳಿದುಕೊಳ್ಳುತ್ತಿದ್ದರು. ಹೆಸರು ಶಾಂತಾ ಎಂದಿಟ್ಟುಕೊಳ್ಳಿ. ಮೂವತ್ತೈದರ ಆಸುಪಾಸು. ಕಾರವಾರ, ಕುಂದಾಪುರ, ಉಡುಪಿ, ಮಂಗಳೂರು ಎಂದು ತಿರುಗುತ್ತ, ಒಂದೊಂದು ಊರಿನಲ್ಲಿ ನಾಲ್ಕೈದು ದಿನ ಇದ್ದು, ಪರಿಚಯದ ಗಂಡಸರನ್ನು ರೂಮಿನಲ್ಲಿ ಕಾಣುವುದು ಅವರ ಕಸುಬು. ಕೇಳಿದವರಿಗೆ ಇಳಕಲ್ ಸೀರೆಯ ವ್ಯಾಪಾರ ಎನ್ನುತ್ತಿದ್ದರು, ಪೆಟ್ಟಿಗೆಯಲ್ಲಿ ನಾಲ್ಕು ಸೀರೆ ಇದ್ದದ್ದೂ ಹೌದು. ಯಾರ ತಂಟೆಗೂ ಹೋದವರಲ್ಲ. ನಮ್ಮ ಹೋಟೆಲಿನ ಗೋಳಿಬಜೆ ಎಂದರೆ ಪ್ರಾಣ, ಚಟ್ನಿಯನ್ನು ಮಾತ್ರ ಬೈದುಕೊಂಡೇ ತಿನ್ನುತ್ತಿದ್ದರು. ಪೇಟೆಯವರು ಅವರನ್ನು ಏಕವಚನದಲ್ಲಿ, ಅದಕ್ಕಿಂತ ಹೊಲಸು ಮಾತಿನಲ್ಲಿ ಕರೆದದ್ದು ನನಗೆ ಗೊತ್ತು. ನಾನು ಹಾಗೆ ಕರೆಯುವುದಿಲ್ಲ.

ಗಂಡಸರು ಬರುವ ಹೊತ್ತು ಗೊತ್ತಾಗಿತ್ತು. ಮಧ್ಯಾಹ್ನದ ಊಟದ ಗಲಾಟೆ ಇಳಿಯುತ್ತ ಬಂದು, ಸಂಜೆಯ ತಿಂಡಿಗೆ ಎಣ್ಣೆ ಕಾಯುವುದರ ಒಳಗೆ. ರಾತ್ರಿ ಲಾಡ್ಜಿನ ಮೆಟ್ಟಿಲು ಹತ್ತಿದರೆ ನೋಡುವ ಕಣ್ಣು ಸಾವಿರ. ಹಗಲು ಬಂದು ಊಟ ಮಾಡಿ, ಎಂಜಲು ಕೈ ಹಿಡಿದುಕೊಂಡು ಹಿಂದೆ ನಡೆದವನನ್ನು ಯಾರು ನೋಡುತ್ತಾರೆ? ಕೈ ತೊಳೆದು, ಬಾಯಿ ಒರೆಸಿಕೊಂಡು, ಹಾಗೆಯೇ ಮೇಲೆ ಹೋದರಾಯಿತು. ಇಷ್ಟು ಜಾಣರಾದರೂ ಎಲ್ಲರೂ ಒಂದೇ ಕಡೆ ಎಡವುತ್ತಿದ್ದರು. ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ನಮ್ಮ ಊರಿನವರು ಏನು ಬೇಕಾದರೂ ಮಾಡಿಯಾರು, ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟಲಾರರು. ಮನೆಯಲ್ಲಿ ಕಲಿತ ಮರ್ಯಾದೆ ಅಷ್ಟೊಂದು ಗಟ್ಟಿ. ರೂಮುಗಳ ಎದುರಿನ ಓಣಿಯಲ್ಲಿ ಹಾದುಹೋಗುವವರಿಗೆ ಒಳಗೆ ಯಾರಿದ್ದಾರೆಂದು ಸಾರಿ ಹೇಳಿದಂತೆಯೇ ಅದು. ಚಪ್ಪಲಿ ಒಳಗೆ ತೆಕ್ಕೊಳ್ಳಿ ಎಂದು ಎಷ್ಟು ಜನ ಗಣ್ಯರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಅವರಲ್ಲಿ ಒಬ್ಬರು ಕಾಪುವಿನ ಕಡೆಯ ದೊಡ್ಡ ಮನುಷ್ಯರು. ಹೆಸರು ಬೇಡ, ಮೊಮ್ಮಕ್ಕಳು ಮಾಡಿದ ತಪ್ಪೇನೂ ಇಲ್ಲ. ಭಜನಾ ಮಂಡಳಿಗೆ, ಶಾಲೆಯ ಸಮಿತಿಗೆ, ಇನ್ನೂ ಯಾವ ಯಾವುದಕ್ಕೋ ಅಧ್ಯಕ್ಷರಾಗಿದ್ದುದರಿಂದ ಎಲ್ಲರೂ ಅವರನ್ನು ಅಧ್ಯಕ್ಷರೇ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಎಡಗಾಲು ಎರಡು ಬೆರಳಿನಷ್ಟು ಗಿಡ್ಡ. ಅದಕ್ಕಾಗಿ ಕಾರ್ಕಳದಲ್ಲಿ ಹೇಳಿ ಮಾಡಿಸಿದ ಚಪ್ಪಲಿ ಹಾಕುತ್ತಿದ್ದರು. ಬಲದ್ದು ಎಲ್ಲರ ಹಾಗೆ, ಎಡದ್ದಕ್ಕೆ ಟಯರಿನ ರಬ್ಬರು ಒಂದರ ಮೇಲೊಂದು ಹೊಡೆದು ದಪ್ಪ ಮಾಡಿದ ಅಟ್ಟೆ, ಕಿತ್ತುಹೋದ ಪಟ್ಟಿಗೆ ಒಂದು ಹಿತ್ತಾಳೆಯ ಮೊಳೆ. ಅಂಥ ಜೋಡಿ ಜಿಲ್ಲೆಯಲ್ಲಿ ಇನ್ನೊಂದು ಇರಲಿಲ್ಲ.

ಒಂದು ಸಲ ಅಧ್ಯಕ್ಷರು ಬಂದುಹೋದ ಮೇಲೆ ಶಾಂತಾ ಕೆಳಗೆ ಇಳಿದು ಬಂದರು. ಕೆನ್ನೆ ಬಾತಿತ್ತು, ತುಟಿಯ ಅಂಚು ಒಡೆದಿತ್ತು. "ಆ ಮನಷ್ಯಾನ್ನ ಇನ್ನ ಮ್ಯಾಲ ಬಿಡಬ್ಯಾಡ್ರಿ" ಎಂದರು. ಮರುದಿನ ಅಧ್ಯಕ್ಷರು ಮತ್ತೆ ಊಟ ಮುಗಿಸಿ, ಕೈ ತೊಳೆದು, ಮೆಟ್ಟಿಲಿಗೆ ಕಾಲಿಡುವಾಗ ನಾನು ಅಡ್ಡ ನಿಂತೆ. ಆಗುವುದಿಲ್ಲ ಎಂದೆ.

"ಯಾರ ಹತ್ತಿರ ಮಾತಾಡುವುದಂತ ಗೊತ್ತುಂಟಾ ನಿನಗೆ?"

ಗೊತ್ತುಂಟು ಎಂದೆ. ಅವರು ತಿರುಗಿ ಹೊರಟುಹೋದರು. ದೊಡ್ಡವರು ಸುಮ್ಮನೆ ಹೋದರೆ ಮುಗಿಯಿತು ಎಂದಲ್ಲ.

ಅದರ ಮರುದಿನ ಅದೇ ಹೊತ್ತಿಗೆ ಬಂದರು, ಈ ಸಲ ಊಟದ ನೆಪವಿಲ್ಲದೆ. ಹಿಂದೆ ಹತ್ತು ಹನ್ನೆರಡು ಗಂಡಸರು. ಪೇಟೆಯನ್ನು ಶುದ್ಧ ಮಾಡುವುದಂತೆ. ಒಬ್ಬನ ಕೈಯಲ್ಲಿ ಹಳೆಯ ಚಪ್ಪಲಿಗಳನ್ನು ಪೋಣಿಸಿದ ಹಾರ. ಅದನ್ನು ಶಾಂತಾ ಅವರ ಕೊರಳಿಗೆ ಹಾಕಿ, ಬಸ್‌ಸ್ಟ್ಯಾಂಡಿನವರೆಗೆ ನಡೆಸಿಕೊಂಡು ಹೋಗುವುದು ಎಂದು ನಿಶ್ಚಯವಾಗಿತ್ತು. ಆ ಗುಂಪಿನಲ್ಲಿ ಕೈ ತೊಳೆಯುವ ದಾರಿಯನ್ನು ಚೆನ್ನಾಗಿ ಬಲ್ಲವರು ಇನ್ನೂ ಇಬ್ಬರಿದ್ದರು. ನನ್ನ ಮೈ ಉರಿದುಹೋಯಿತು. ಅವರು ಹೋಟೆಲಿನಲ್ಲಿ ನಿಂತು ಕೂಗಾಡುತ್ತಿರುವಾಗಲೇ ಮಣಿಪಾಲಕ್ಕೆ ಫೋನು ಮಾಡಿದೆ. "ನೀನೇ ಎಂತಾದರೂ ಮಾಡು, ನನ್ನ ಹೆಸರು ಬರಬಾರದು" ಎಂದು ಧಣಿ ಫೋನು ಇಟ್ಟರು. ಪೊಲೀಸರಿಗೆ ಹೇಳಿದರೆ ಅವರು ಮೊದಲು ಹಿಡಿಯುವುದು ಶಾಂತಾ ಅವರನ್ನೇ ಎಂದು ಗೊತ್ತಿದ್ದರಿಂದ ಆ ಕಡೆ ಹೋಗಲಿಲ್ಲ.

ಮೇಲೆ ಓಡಿ ಶಾಂತಾ ಅವರಿದ್ದ ಏಳನೇ ರೂಮಿನ ಬಾಗಿಲು ಬಡಿದೆ. ಚಿಲಕ ಹಾಕಿಕೊಳ್ಳಿ, ಮಂಚ ಅಡ್ಡ ಎಳೆದುಕೊಳ್ಳಿ ಎಂದೆ. ಒಳಗೆ ಮಂಚ ಜಾರಿದ ಸದ್ದು ಕೇಳಿತು. ಆಗ ಆ ಬಾಗಿಲಿನ ಎದುರು ನೆಲ ಖಾಲಿ ಇತ್ತು, ಇದನ್ನು ನಾನು ಯಾವ ದೇವರ ಎದುರು ಬೇಕಾದರೂ ಹೇಳುತ್ತೇನೆ. ಉಳಿದ ಏಳು ರೂಮುಗಳಿಗೂ ಆ ದಿನ ಬೀಗ, ಕೀಲಿಕೈ ನನ್ನ ಜೇಬಿನಲ್ಲಿ. ಬಂದು ಮೆಟ್ಟಿಲಿನ ತಲೆಯಲ್ಲಿ ನಿಂತೆ. ನಿಂತು ಆದದ್ದೇನು? ಅಷ್ಟು ಜನ ಒಟ್ಟಿಗೆ ನುಗ್ಗಿದರೆ ಒಬ್ಬ ಎಷ್ಟು ತಡೆದಾನು? ನನ್ನನ್ನು ಗೋಡೆಗೆ ದೂಡಿ ಓಣಿಗೆ ಬಂದರು. ಎಲ್ಲರಿಗಿಂತ ಮುಂದೆ ಅಧ್ಯಕ್ಷರು.

ಅಲ್ಲಿ ಎಲ್ಲರೂ ನಿಂತುಬಿಟ್ಟರು. ಏಳನೇ ರೂಮಿನ ಬಾಗಿಲಿನ ಹೊರಗೆ ಒಂದು ಜೊತೆ ಚಪ್ಪಲಿ ಇತ್ತು. ಬಲದ್ದು ಮಾಮೂಲು. ಎಡದ್ದರ ಅಟ್ಟೆ ದಪ್ಪ, ರಬ್ಬರಿನ ಪದರುಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಪಟ್ಟಿ ಕಿತ್ತುಹೋಗಿದ್ದಲ್ಲಿ ಹೊಡೆಸಿದ ಹಿತ್ತಾಳೆಯ ಮೊಳೆ ಕೂಡ ಇದ್ದ ಕಡೆಯೇ ಇತ್ತು.

"ಇದು ಅಧ್ಯಕ್ಷರದ್ದಲ್ವಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಎಲ್ಲರೂ ಅವರ ಕಾಲು ನೋಡಿದರು. ಅವರೂ ನೋಡಿಕೊಂಡರು. ಅವರ ಚಪ್ಪಲಿ ಅವರ ಕಾಲಿನಲ್ಲೇ ಇತ್ತು. ಅದೇ ದಪ್ಪ ಅಟ್ಟೆ, ಅದೇ ಮೊಳೆ. ನಾವೆಲ್ಲ ಎರಡೂ ಜೊತೆಗಳನ್ನು ಒಟ್ಟಿಗೆ, ಕಣ್ಣು ಬಿಟ್ಟುಕೊಂಡು ನೋಡಿದೆವು. ನಾನು ಬಗ್ಗಿ ಎಡದ್ದನ್ನು ಮುಟ್ಟಿದೆ. ಈಗಷ್ಟೇ ಕಾಲಿನಿಂದ ಕಳಚಿದ ಹಾಗೆ ಬೆಚ್ಚಗಿತ್ತು. ನನಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಎರಡು ದಿನದ ಸಿಟ್ಟೆಲ್ಲ ಬಾಯಿಗೆ ಬಂತು.

"ಹಾಕಿ ನೋಡಿ ಅಧ್ಯಕ್ಷರೇ" ಎಂದೆ. "ಅಳತೆ ಸರಿಯಾಗ್ತದಾ ಅಂತ ಎಲ್ಲರೂ ನೋಡಲಿ."

ಅವರು ಹಾಕಲಿಲ್ಲ. ಮುಖದಲ್ಲಿ ರಕ್ತವಿರಲಿಲ್ಲ. ಹಿಂದಿದ್ದವರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಹಾರ ಹಿಡಿದಿದ್ದವನು ಅದನ್ನು ಕೈ ತೊಳೆಯುವಲ್ಲಿಯೇ ಬಿಸಾಡಿ ಹೋದ. ಕೊನೆಗೆ ಅಧ್ಯಕ್ಷರೂ ಗೋಡೆ ಹಿಡಿದುಕೊಂಡು ಇಳಿದರು. ನಾನು ಮೆಟ್ಟಿಲಿನ ತಲೆಗೆ ಹೋಗಿ, ಅವರು ಕೆಳಗೆ ಇಳಿದು ಹೋಗುವ ತನಕ ಅಲ್ಲಿಂದ ಕದಲದೆ ನೋಡಿದೆ. ಆಮೇಲೆ ತಿರುಗಿದರೆ ಬಾಗಿಲಿನ ಎದುರು ಏನೂ ಇರಲಿಲ್ಲ.

ಬಾಗಿಲು ತೆಗೆಸಿದೆ. ಶಾಂತಾ ಒಬ್ಬರೇ ಇದ್ದರು, ಮಂಚ ಇನ್ನೂ ಅರ್ಧ ಅಡ್ಡವೇ ಇತ್ತು. ಒಳಗೆಲ್ಲ ಹುಡುಕಿದೆ, ಕಿಟಕಿಗೆ ಸರಳು. ಕಾರ್ಕಳದಲ್ಲಿ ವಿಚಾರಿಸಿದ್ದೂ ಉಂಟು, ಮಾಡಿದ್ದು ಒಂದೇ ಜೊತೆ. ಅಧ್ಯಕ್ಷರು ಆಮೇಲೂ ಅಧ್ಯಕ್ಷರಾಗಿಯೇ ಉಳಿದರು, ಸನ್ಮಾನ ಮಾಡಿಸಿಕೊಂಡರು, ವಯಸ್ಸಾಗಿ ಹಾಸಿಗೆಯಲ್ಲಿ ಸತ್ತರು. ಆ ದಿನ ಬಂದವರಲ್ಲಿ ಒಬ್ಬ ಕೆಲವು ವರ್ಷಗಳ ಮೇಲೆ ಕಾಪುವಿನ ದೀಪಸ್ತಂಭದ ಹತ್ತಿರ ಸಿಕ್ಕಿದ. ಕೇಳಿದೆ. "ಎಂತ ಚಪ್ಪಲಿ? ಅಂಥದ್ದೆಲ್ಲ ನನಗೆ ನೆನಪಿಲ್ಲ ಮಾರಾಯ" ಎಂದು ಕಡಲಿನ ಕಡೆ ನೋಡಿದ. ಸುಳ್ಳ.

ಆ ಗಲಾಟೆಯ ದಿನ ಸಂಜೆಯೇ ಶಾಂತಾ ಹುಬ್ಬಳ್ಳಿ ಬಸ್ಸಿಗೆ ಹೊರಟಿದ್ದರು. ಪೆಟ್ಟಿಗೆ ಹಿಡಿದುಕೊಂಡು ನಾನೂ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. "ಯಾವುದೋ ಒಂದು ಶಕ್ತಿ ಇವತ್ತು ನಿಮ್ಮನ್ನು ಕಾಪಾಡಿತು" ಎಂದೆ. ಅವರು ಕೈ ಮುಗಿಯುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು.

"ಮೊನ್ನಿ ಅಂವಾ ನನ್ನ ಕೂದಲಾ ಹಿಡದು ಗ್ವಾಡಿಗೆ ಬಡದಾಗ ನಿಮ್ಮ ಶಕ್ತಿ ಎಲ್ಲಿತ್ರಿ? ಊಟಕ್ಕ ಹೋಗಿತ್ತೇನು?"

ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಬಸ್ಸು ಹತ್ತಿದರು. ಮತ್ತೆ ನಮ್ಮ ಊರಿಗೆ ಬರಲಿಲ್ಲ. ಆ ಚಪ್ಪಲಿಯನ್ನು ಅಲ್ಲಿ ತಂದಿಟ್ಟದ್ದು ಯಾರು, ಅದು ಎಲ್ಲಿ ಹೋಯಿತು, ನನಗೆ ಇಂದಿಗೂ ತಿಳಿದಿಲ್ಲ. ಎಂದಾದರೂ ತಿಳಿದರೆ, ಅದು ದೇವರೇ ಆಗಿರಲಿ ದೈವವೇ ಆಗಿರಲಿ, ಎರಡು ದಿನ ಮೊದಲು ಯಾಕೆ ಬರಲಿಲ್ಲ ಎಂದು ಅಡ್ಡ ನಿಂತು ಕೇಳುವವನಿದ್ದೇನೆ.