ಕಾಕಾ, ಮಾಸ್ತರ ಮತ್ತು ರೋಲರ್ ಕೋಸ್ಟರ್

"ಕಣ್ಣು ಹೋದ ಮ್ಯಾಲ ಎಲ್ರೂ ನನ್ನ ಎರಡ ಕಡಿ ಕರ್ಕೊಂಡು ಹೋಗ್ತಾರ ಮಗಳ. ಒಂದು ದವಾಖಾನಿ, ಇನ್ನೊಂದು ಗುಡಿ. ಒಮ್ಮಿ ಎಲ್ಯಾರ ಮಜಾ ಮಾಡ್ಲಿಕ್ಕ ಕರ್ಕೊಂಡು ಹೋಗು."

ಶಹಾಬಾದಿನಿಂದ ನಮ್ಮ ಶರಣಪ್ಪ ಕಾಕಾ ಫೋನಿನಲ್ಲಿ ಹೀಗೆಂದಾಗ ನಾನು ಸೇಡಂನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮಜಾ ಅಂದರೆ ಏನು ಎಂದು ಕೇಳಿದೆ. ರೋಲರ್ ಕೋಸ್ಟರ್ ಅಂದರು. ರೊಟ್ಟಿ ಹೊತ್ತಿತು.

ಕಾಕಾಗೆ ಅರವತ್ತೊಂದು. ಮೂವತ್ತು ವರ್ಷ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವರು. ಗ್ಲಾಕೋಮಾ ಬಂದು ಸ್ವಲ್ಪಸ್ವಲ್ಪವೇ ಕಣ್ಣು ಮಸುಕಾಗಿ, ಈಗ ಐದು ವರ್ಷದಿಂದ ಏನೂ ಕಾಣುವುದಿಲ್ಲ. ಎರಡು ವರ್ಷದ ಹಿಂದೆ ದೂರದ ಊರಿನ ಒಂದು ತರಬೇತಿ ಕೇಂದ್ರದಿಂದ ಅವರಿಗೊಂದು ಲ್ಯಾಬ್ರಡಾರ್ ನಾಯಿ ಸಿಕ್ಕಿತು. ಕಣ್ಣಿಲ್ಲದವರಿಗೆ ದಾರಿ ತೋರಿಸಲೆಂದೇ ಕಲಿಸಿದ ನಾಯಿ. ಮೆಟ್ಟಿಲು ಬಂದರೆ ನಿಲ್ಲುತ್ತದೆ. ಗಟಾರ ಬಂದರೆ ಅಡ್ಡಗಟ್ಟುತ್ತದೆ. ಎದುರಿಗೆ ಗಾಡಿ ಬರುತ್ತಿದ್ದರೆ ಕಾಕಾ ಎಷ್ಟೇ ಅವಸರ ಮಾಡಲಿ, ಕಾಲು ಕೀಳುವುದಿಲ್ಲ.

ಕೇಂದ್ರದವರು ಅದಕ್ಕೆ ಯಾವುದೋ ಇಂಗ್ಲಿಷ್ ಹೆಸರು ಇಟ್ಟಿದ್ದರು. ಕಾಕಾ ಕರೆಯುವುದು ಮಾಸ್ತರ ಎಂದು. ದಾರಿ ಕಲಿಸುವವರನ್ನು ಮತ್ತೇನೆಂದು ಕರೆಯಬೇಕು? ಅದೂ ಬಹುವಚನದಲ್ಲಿ. ಏಳ್ರಿ ಮಾಸ್ತರ, ನಡೀರಿ ಮಾಸ್ತರ. (ಇಪ್ಪತ್ತು ವರ್ಷ ಸರ್ವಿಸ್ ಆದ ನಿಜವಾದ ಟೀಚರ್ ನಾನು. ನನಗೆ ಇವತ್ತಿಗೂ ಏಕವಚನವೇ.)

ಹೈದರಾಬಾದಿನ ಕಡೆ ಒಂದು ಥೀಮ್ ಪಾರ್ಕ್ ಇದೆ. ಅಲ್ಲಿಗೆ ನಾಯಿಯನ್ನು ಬಿಡುತ್ತಾರೆಯೇ? ನನಗೆ ಅದೇ ಚಿಂತೆ. ಫೋನ್ ಮಾಡಿದೆ, ಈಮೇಲ್ ಕಳಿಸಿದೆ. ಮಾಸ್ತರರ ಐಡಿ ಕಾರ್ಡ್, ಲಸಿಕೆಯ ಕಾಗದ, ಕಾಕಾನ ಸರ್ಟಿಫಿಕೇಟ್, ಅಂಗವಿಕಲರ ಹಕ್ಕುಗಳ ಕಾನೂನಿನ ನಾಲ್ಕು ಪುಟ, ಎಲ್ಲ ಪ್ರಿಂಟ್ ತೆಗೆಸಿ ಫೈಲ್ ಮಾಡಿದೆ. ಜಗಳಕ್ಕೆ ಬೇಕಾದ ಮಾತುಗಳನ್ನೂ ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಕಾಕಾ ಮತ್ತು ಮಾಸ್ತರ ಶಹಾಬಾದಿನಲ್ಲಿ ರೈಲು ಹತ್ತಿದರು. ವಾಡಿ, ಚಿತ್ತಾಪುರ ದಾಟಿ ಸೇಡಂಗೆ ಬಂದಾಗ ನಾನು ಹತ್ತಿದೆ. ಅಷ್ಟರಲ್ಲಿ ಇಡೀ ಡಬ್ಬಿ ಮಾಸ್ತರರ ನೆಂಟರಾಗಿತ್ತು. ಬಳೆ ಮಾರುವ ಒಬ್ಬ ಹೆಂಗಸು ಮಾತ್ರ ಸೀಟಿನ ಮೇಲೆ ಕಾಲು ಮಡಚಿ ಕೂತಿದ್ದಳು. ಕಡಿಯುತ್ತದೆಯೇ ಎಂದು ಕೇಳಿದಳಂತೆ. ಡ್ಯೂಟಿ ಮೇಲೆ ಇದ್ದಾಗ ಕಡಿಯುವುದಿಲ್ಲ ಎಂದು ಕಾಕಾ ಹೇಳಿದರಂತೆ. ತಾಂಡೂರು ಬರುವ ಹೊತ್ತಿಗೆ ಅವಳ ಕಾಲು ಕೆಳಗೆ ಬಂದಿದ್ದವು.

ಪಾರ್ಕಿನ ಗೇಟಿಗೆ ಫೈಲ್ ಎದೆಗವಚಿಕೊಂಡು ಹೋದೆ. ಸೆಕ್ಯುರಿಟಿಯವನು ಮಾಸ್ತರರನ್ನು ನೋಡಿದ, ಕಂಪ್ಯೂಟರ್ ನೋಡಿದ, ನಿಮ್ಮ ಈಮೇಲ್ ಬಂದಿದೆ ಮೇಡಂ ಅಂದ. ಒಳಗಿನಿಂದ ಒಂದು ಬಟ್ಟಲು ನೀರು ತರಿಸಿದ. ನೆರಳು ಎಲ್ಲೆಲ್ಲಿದೆ ಎಂದು ಕೈ ಮಾಡಿ ತೋರಿಸಿದ.

ಅಷ್ಟೇ! ಫೈಲ್ ತೆಗೆಯಲೇ ಇಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು.

ಸೀದಾ ರೋಲರ್ ಕೋಸ್ಟರಿಗೆ ಹೋದೆವು. ಅಲ್ಲಿನ ಉಸ್ತುವಾರಿ ಅಂಬಿಕಾ ಎಂಬಾಕೆಯದು. ನಮ್ಮ ಮಾತು ಕೇಳಿಯೇ ಮುಖ ಅರಳಿಸಿದಳು. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದವಳಂತೆ, ಮದುವೆಯಾಗಿ ಈ ಕಡೆ ಬಂದವಳು. ಮಾಸ್ತರರು ತನ್ನ ಹತ್ತಿರ ಆರಾಮಾಗಿ ಕೂರಬಹುದು ಅಂದಳು. ಆಮೇಲೆ ಕಾಕಾನ ಕಡೆ ನೋಡಿ ದನಿ ತಗ್ಗಿಸಿದಳು.

"ನಾಯಿದೇನೂ ತೊಂದ್ರಿ ಇಲ್ರಿ ಅಕ್ಕಾರ. ಆದ್ರ ಕಾಕಾರಿಗಿ ಬಿಡ್ಲಿಕ್ಕ ಬರಂಗಿಲ್ಲ."

ಕೇಳಿದಿರಾ? ನಾಯಿಗೆ ಅಡ್ಡಿಯಿಲ್ಲ, ಮನುಷ್ಯನಿಗೆ ಅಡ್ಡಿ. ಆಕೆಯ ತಪ್ಪೂ ಅಲ್ಲ. ರೈಡ್ ನಡುವೆ ಎಲ್ಲಾದರೂ ನಿಂತುಬಿಟ್ಟರೆ ಪಕ್ಕದ ಕಬ್ಬಿಣದ ಮೆಟ್ಟಿಲಿನ ಮೇಲೆ ನಡೆದು ಇಳಿಯಬೇಕು. ಕಣ್ಣು ಕಾಣದವರು ಇಳಿಯುವುದು ಹೇಗೆ? ಅದಕ್ಕೇ ಆ ನಿಯಮ.

ಈಗ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಬಾಯಿಪಾಠ ಮಾಡಿದ್ದ ಮಾತುಗಳನ್ನು ಆಡಲು ಅದು ಸರಿಯಾದ ಹೊತ್ತು. ನಾನು ಆಡಲಿಲ್ಲ. ತಲೆ ಎತ್ತಿ ಆ ಎತ್ತರ ನೋಡಿದ್ದೆನಲ್ಲ, ಕಾಕಾನ ಪಕ್ಕ ಕೂರಬೇಕಾದವಳು ನಾನೇ ಎಂಬುದು ನೆನಪಾಗಿತ್ತು. ನಿಯಮ ಅಂದಮೇಲೆ ಏನು ಮಾಡುವುದು ಕಾಕಾ, ಐಸ್‌ಕ್ರೀಮ್ ತಿನ್ನೋಣ ನಡೀರಿ ಅಂದೆ.

ಕಾಕಾ ಅಲುಗಲಿಲ್ಲ. "ನಿನ್ನ ದನಿ ಭಾಳ ಖುಷಿಲೆ ಬರ್ಲಿಕತ್ತದಲ್ಲ ಮಗಳ," ಅಂದರು.

ಮುಖಕ್ಕೆ ಹೊಡೆದಂತಾಯಿತು. ಹೋದ ವರ್ಷ ಚಿಂಚೋಳಿಯಲ್ಲಿ ನಮ್ಮವರ ಮದುವೆ. ಕಾಕಾ ಬೀಳಬಾರದು ಎಂದು ಅವರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಊಟ ಅಲ್ಲಿಗೇ ತಂದುಕೊಟ್ಟು, ಸಂಜೆ ಎಬ್ಬಿಸಿಕೊಂಡು ಬಂದಿದ್ದೆವು. ಎಷ್ಟು ಚೆನ್ನಾಗಿ ನೋಡಿಕೊಂಡೆವು ಎಂದು ನಮ್ಮನ್ನು ನಾವೇ ಮೆಚ್ಚಿಕೊಂಡಿದ್ದೆವು. ಕಲ್ಲಿನ ಗಣಿಯಲ್ಲಿ ಮೂವತ್ತು ವರ್ಷ ಇಳಿದು ಹತ್ತಿದ ಮನುಷ್ಯನಿಗೆ ಬೀಳುವುದು ಅಷ್ಟು ಹೊಸದೇ? ಅವರ ಪರವಾಗಿ ಹೆದರುವ ಕೆಲಸವನ್ನು ನಮಗೆ ಕೊಟ್ಟವರು ಯಾರು?

ಕಾಕಾ ಅಂಬಿಕಾಳ ಕಡೆ ತಿರುಗಿದರು. "ತಂಗಿ, ಮ್ಯಾಲ ಹೋದಾಗ ಕಣ್ಣಿದ್ದವರು ಏನು ಮಾಡ್ತಾರ?"

ಅಂಬಿಕಾ ಯೋಚಿಸಿ ನಕ್ಕಳು. "ಕಣ್ಣು ಮುಚ್ಗೋತಾರ್ರಿ."

"ಮತ್ತ ನನಗಷ್ಟ ಯಾಕ ಬ್ಯಾಡ ಅಂತಿ?"

ಈ ಸಲ ನಾನೂ ಬಾಯಿ ಬಿಟ್ಟೆ. ಮೆಟ್ಟಿಲೇ ತೊಂದರೆಯಾದರೆ ಅವರು ಈಗಲೇ ಅದನ್ನು ಹತ್ತಿ ಇಳಿದು ತೋರಿಸಲಿ, ಸಾಹೇಬರನ್ನು ಕೇಳಿ ಅಂದೆ. ಅಂಬಿಕಾ ಫೋನ್ ಮಾಡಿದಳು. ಮ್ಯಾನೇಜರ್ ಬಂದರು, ಕೇಳಿದರು, ತಲೆ ಕೆರೆದುಕೊಂಡರು. ಕೊನೆಗೆ ರೈಡ್ ನಿಲ್ಲಿಸಿ, ಕಾಕಾನ ಹಿಂದೊಬ್ಬ ಮುಂದೊಬ್ಬ ಸಿಬ್ಬಂದಿಯನ್ನು ಕಳಿಸಿ ಮೆಟ್ಟಿಲು ಹತ್ತಿಸಿದರು. ಸಾಲಿನಲ್ಲಿ ನಿಂತವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಮಾಸ್ತರರೂ ಕತ್ತೆತ್ತಿದ್ದರು, ಕಣ್ಣು ಕೀಳದೆ.

ಕಾಕಾ ಹತ್ತಿದರು, ಇಳಿದರು, ಏದುಸಿರೂ ಇಲ್ಲ. "ತೊಂಬತ್ತಾರು ಮೆಟ್ಟಲ ಅವ," ಅಂದರು. "ನಲವತ್ತನೇದು ಸಡಿಲ ಅದ, ಬೋಲ್ಟ್ ಬಿಗಿ ಮಾಡಸ್ರಿ."

ಮ್ಯಾನೇಜರ್ ಮೊದಲು ಪಾನಾ ಹಿಡಿದ ಮೆಕ್ಯಾನಿಕ್ ಒಬ್ಬನನ್ನು ಮೇಲೆ ಕಳಿಸಿದರು. ಬೋಲ್ಟ್ ಬಿಗಿಯಾದ ಮೇಲೆ ಕಾಕಾಗೆ ಮೊದಲ ಸಾಲಿನ ಸೀಟು ಕೊಟ್ಟರು. ಪಕ್ಕದಲ್ಲಿ ನಾನು.

ಮೇಲೆ ಏನಾಯಿತು ಎಂದು ನನ್ನನ್ನು ಕೇಳಬೇಡಿ. ನಾನು ನೋಡಿಲ್ಲ. ಕೇಳಿಸಿದ್ದಿಷ್ಟು: ಹಿಂದೆ ಜನರ ಕಿರುಚಾಟ, ಅದರಲ್ಲಿ ನನ್ನದೇ ಎಲ್ಲಕ್ಕಿಂತ ಜೋರು. ಪಕ್ಕದಲ್ಲಿ ಒಬ್ಬ ಮನುಷ್ಯ ಎರಡೂ ಕೈ ಮೇಲೆತ್ತಿ, ಐದು ವರ್ಷದಲ್ಲಿ ನಾನು ಕೇಳದ ದನಿಯಲ್ಲಿ ಗಹಗಹಿಸಿ ನಗುತ್ತಿರುವುದು.

ಇಳಿದಾಗ ಮಾಸ್ತರ ಕಾಕಾನನ್ನು ಮೂಸಿ ಮೂಸಿ ಲೆಕ್ಕ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡರು. ಕಾಕಾ ಇನ್ನೊಂದು ಸುತ್ತು ಅಂದರು. ನನಗೆ ನೆಲವೇ ನಿಲ್ಲುತ್ತಿರಲಿಲ್ಲ, ಕಣ್ಣು ತೆರೆದರೆ ಪಾರ್ಕೆಲ್ಲ ತಿರುಗುತ್ತಿತ್ತು. ಹಾಗಾಗಿ ಕಣ್ಣು ಮುಚ್ಚಿಕೊಂಡೇ ಕಾಕಾನ ತೋಳು ಹಿಡಿದೆ. ಮುಂದೆ ಮಾಸ್ತರ, ಅವರ ಪಟ್ಟಿ ಹಿಡಿದ ಕಾಕಾ, ಕಾಕಾನನ್ನು ಹಿಡಿದ ನಾನು. ಹೀಗೆ ಮೆರವಣಿಗೆ ಬೆಂಚಿನ ಕಡೆ ಹೊರಟಿತು.

ಬೆಂಚಿನ ಮೇಲೆ ಕೂತಿದ್ದ ಬೀದರ ಕಡೆಯ ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟಳು. ನನ್ನನ್ನು ನೋಡಿ ಮರುಗಿ, ಪಾಪ, ಈಕೆಗೆ ಎಷ್ಟು ವರ್ಷದಿಂದ ಕಣ್ಣಿಲ್ಲ ಎಂದು ಕಾಕಾನನ್ನು ಕೇಳಿದಳು.

ಕಾಕಾ ಗಂಭೀರವಾಗಿ ಹೇಳಿದರು: "ವರ್ಷ ಇಲ್ರಿ ಯವ್ವ. ಈಗ ಐದು ಮಿನಿಟ್ ಆತು."